ಒದೆಯಾಕಿಲ್ಲ, ಮನಗಾಕಿಲ್ಲ

ಕೊಳ್ಳೇಗಾಲದ ಸುತ್ತ ನನ್ನಂತ ತರಲೆ ಇನ್ನೊಬ್ಬ ಉಟ್ನಿಲ್ಲ. ಈಗ ದವಡೆ ಬೋಳಾಗೋಯ್ತು, ಕಣ್ಣು ಮಂಜಾಗೋಯ್ತು. ಆದ್ರೂ ನಾನು ತೀರಿಸ್ಕಂಡ ಒಂದು ಸೇಡು ಮಾತ್ರ ನಾಲಗೆ ಮ್ಯಾಲೆ ಬೆಲ್ಲದಂಗೆ ಅದೆ.

ನಮ್ಮೂರು ಮುಳ್ಳೂರು. ಆಗ ನಾವು ಕೊಯಮತ್ತೂರು ಜಿಲ್ಲೆಯೋರು, ಆಚೆ ಯಳಂದೂರು ಮೈಸೂರು ಸೀಮೆ. ನಮ್ಮನೆಗೂ ಪಕ್ಕದ ಮನೆಗೂ ನಡುವೆ ಒಂದೇ ಮಣ್ಣಿನ ಗೋಡೆ. ಆ ಮನೆ ಯಜಮಾನನ್ನ ನಾನು ವರಸೇಲಿ ಮಾವ ಅಂತಿದ್ದೆ. ಒಂದಿನ ಮಟಮಟ ಮದ್ಯಾನ ಅವನು ಜಗಲಿ ಮ್ಯಾಲೆ ಗೊರಕೆ ಒಡೀತಿದ್ನಾ, ಜುಟ್ಟ ತಕ್ಕಂಡು ಕಂಬಕ್ಕೆ ಕಟ್ಬುಟ್ಟೆ. ಎದ್ದ, ಕಿರಚ್ದ, ಊರೆಲ್ಲಾ ನಗ್ತು. ಅವನೂ ನಕ್ಕ. ಆ ನಗೂನ ನಂಬ್ಬುಟ್ಟೆ ನೋಡಿ, ಅದೇ ನಾನು ಮಾಡಿದ್ ತೆಪ್ಪು.

ಅದೇ ವರ್ಷ ಕಾಮಗೆರೇಲಿ ನಂಗೆ ಎಣ್ಣು ನೋಡಿದ್ರು. ನೀರಿನ ಚೊಂಬು ತಂದಿಕ್ಕುವಾಗ ಅವಳು ಓರೆಗಣ್ಣಲ್ಲಿ ನನ್ನ ನೋಡಿ, ತುಟಿ ಕಚ್ಚಿ ನಗು ತಡಕಂಡ್ಲು. ಅಷ್ಟೇ ಸಾಕಾಗೋಯ್ತು. ಗಾಡೀಲಿ ಊರಿಗೆ ಬರೋ ಗಂಟ ನಾನು ಬಾಯಿ ಬುಡ್ನಿಲ್ಲ. ನಮ್ಮವ್ವ ಜ್ವರ ಬಂದದೇನೋ ಅಂತ ಅಣೆ ಮುಟ್ಟಿ ನೋಡಿದ್ಲು.

ಎಣ್ಣು ಕೊಡೋರು ಗಂಡಿನ ಮನೇಲಿ ವಿಚಾರಿಸಾಕಿಲ್ಲ, ಪಕ್ಕದ ಮನೇಲಿ ವಿಚಾರಿಸ್ತಾರೆ. ಎಣ್ಣಿನಪ್ಪ ಬಂದು ಮಾವನ ಜಗಲಿ ಮ್ಯಾಲೆ ಕುಂತ. ಗೋಡೆ ಈಚೆ ರಾಗಿ ಕೇರ್ತಿದ್ದ ನಮ್ಮವ್ವ ಮೊರ ನಿಲ್ಸಿ ಕಿವಿ ಕೊಟ್ಲು.

"ಉಡುಗ ಎಂಗೆ?"

"ಕುಡಿಯಾಕಿಲ್ಲ ಬುಡಿ," ಅಂದ ಮಾವ.

"ಕುಡೀತಾನಾ ಅಂತ ನಾ ಕೇಳ್ನಿಲ್ವಲ್ಲ?"

"ಅದ್ಕೇ ಯೋಳ್ದೆ, ಕುಡಿಯಾಕಿಲ್ಲ. ಮೂರ್ಛೆ ಬಂದು ಬಿದ್ದಿದ್ದ ನಾನಂತೂ ಕಣ್ಣಾರೆ ಕಂಡಿಲ್ಲ. ಎತ್ತವ್ವನ ಮ್ಯಾಲೆ ಕೈ ಮಾಡೋನಲ್ಲ. ಕಳ್ಳ ಅಂತೂ ಅಲ್ವೇ ಅಲ್ಲ."

ಕೊಟ್ಟ ಮಜ್ಜಿಗೇನೂ ಕುಡೀದೆ ಎಣ್ಣಿನಪ್ಪ ಎದ್ದೋದ. ಎರಡು ತಿಂಗಳಿಗೆ ಆ ಎಣ್ಣ ಯಳಂದೂರ ಕಡೆ ಹೊನ್ನೂರಿಗೆ ಕೊಟ್ಬುಟ್ರು.

ಮಾವನ ಜಗಲಿ ಮುಂದೆ ಓಗಿ ನಿಂತೆ. "ಯಾಕ್ ಮಾವ ಇಂಗ್ ಮಾಡ್ದೆ?"

"ಯಾನ್ಲಾ ಮಾಡ್ದೆ? ನೀನು ಕುಡೀತೀಯಾ?"

"ಇಲ್ಲ."

"ಕದ್ದಿದ್ದೀಯಾ?"

"ಇಲ್ಲ."

"ಮತ್ತೆ? ಒಂದು ಸುಳ್ಳಾಡ್ನಿಲ್ಲ. ನಾಕು ಒಳ್ಳೆ ಮಾತಾಡಿವ್ನಿ, ಕೈ ಮುಗ್ದು ಓಗು." ಅಂದು ಜುಟ್ಟ ಮೆಲ್ಲಗೆ ಸವರ್ಕಂಡ.

ಕೈ ಮುಗ್ದು ಬಂದೆ. ಒಂದು ವರ್ಷ ಸುಮ್ಕಿದ್ದೆ.

ಮಾವನ್ಗೆ ಒಂದು ಜೊತೆ ಬಿಳಿ ಎತ್ತಿದ್ವು. ಕರುಗಳಾಗಿದ್ದಾಗಿಂದ ಸಾಕಿದ್ದ. ಅವಕ್ಕೆ ಉರುಳಿ ಬೇಯ್ಸಿ ಇಕ್ದೆ ತಾನು ತುತ್ತು ಎತ್ತುತಿರ್ನಿಲ್ಲ. ಅದೇನು ಆಸೆ ಬಂತೋ, ಎಂಚಿನ ಮನೆ ಕಟ್ಟಬೇಕು ಅಂತ ಎದೆ ಗಟ್ಟಿ ಮಾಡ್ಕಂಡು ಆ ಎತ್ತುಗಳ್ನ ಕೊಳ್ಳೇಗಾಲದ ಸಂತೆಗೆ ಒಡಕಂಡೋದ. ಅವನ ಇಂದಿಂದೇ ನಾನೂ ಓದೆ. ಎತ್ತು ಕೊಳ್ಳೋರೂ ಎಣ್ಣು ಕೊಡೋರಂಗೇ, ಕೇಳೋದು ಪಕ್ಕದ ಮನೆಯೋನ್ನ!

ಟವಲು ಮುಚ್ಚಿ, ಅದರಡಿ ಬೆರಳು ಇಡ್ಕಂಡೇ ಬೆಲೆ ಯೋಳೋ ಯಾಪಾರ ನಡೀತಿತ್ತು. ಕೊಳ್ಳೋನು ಮೈಸೂರು ಸೀಮೆಯೋನು. ನನ್ನ ಕಡೆ ತಿರುಗಿ, "ನೀವೂ ಅದೇ ಊರೋರಾ? ಎತ್ತು ಎಂಗೆ?" ಅಂದ.

"ಒದೆಯಾಕಿಲ್ಲ ಸಾಮಿ," ಅಂದೆ. "ನೊಗ ಕಟ್ದಾಗ ಮನಗಾಕಿಲ್ಲ. ಅಣೆ ಮ್ಯಾಲಿನ ಸುಳಿ ಕೆಟ್ಟದು ಅಂತ ನಾನಂತೂ ಅನ್ನಾಕಿಲ್ಲ. ಕೊಂಡ್ಕಂಡೋದೋರ ಮನೇಲಿ ಸಾವಾಯ್ತದೆ ಅನ್ನೋದೆಲ್ಲ ಸುಳ್ಳು, ನಂಬ್ಬೇಡಿ."

ಟವಲಿಂದ ಕೊಳ್ಳೋನ ಬೆರಳು ಒಂದೊಂದೇ ಈಚೆಗೆ ಬಂದ್ವು.

"ಲೇ, ನನ್ನ ಎತ್ತಿಗೆ ಯಾನಾಗದೆ ಅಂತ ಯೋಳ್ಲಾ!" ಮಾವ ಕೂಗ್ದ.

"ಏನೂ ಆಗಿಲ್ಲ ಅಂತ್ಲೇ ಯೋಳ್ತಾ ಇವ್ನಲ್ಲ ಮಾವ. ಒದೀತವಾ?"

"ಇಲ್ಲ!"

"ಮನಗ್ತವಾ?"

ಅವನ ಕೈ ತಂತಾನೇ ಜುಟ್ಟಿಗೆ ಓಯ್ತು. ತನ್ನ ಮಾತೇ ತನಗೆ ತಿರುಗದೆ ಅಂತ ಅರ್ತ ಆಗೋಯ್ತಲ್ಲ.

ಮೂರು ಸಂತೆ ಇಂಗೇ ಆಯ್ತು. ಮೂರನೇ ಸಂತೇಲಿ ಸಂಜೆ ಗಂಟ ನಿಂತು ಸೋತೋಗಿದ್ದ. ಆಗ ಒಬ್ಬ ಹನೂರೋನು ಬಂದು ಟವಲಡಿ ಕೈ ಇಕ್ದ. ನಾನು ತುಟಿ ಪಿಟಕ್ ಅನ್ನಿಲ್ಲ. ಸಿಕ್ಕಿದ್ದಕ್ಕೆ ಕೊಟ್ಟು ಕಣ್ಣೊರಸ್ಕಂಡು ಓದ ಮಾವ. ಆ ಹನೂರೋನು ನಮ್ಮವ್ವನ ದೊಡ್ಡವ್ವನ ಮಗ, ನಂಗೇ ಕೊಂಡದ್ದು ಅಂತ ಅವನ್ಗೆ ಗೊತ್ತಿರ್ನಿಲ್ಲ.

ಬೆಳಗ್ಗೆ ಎದ್ದು ನೋಡ್ತಾನೆ, ಅವನ ಎತ್ತು ನನ್ನ ಒಲದಲ್ಲಿ ಉಳ್ತಾ ಅವೆ! ನಮ್ಮಿಬ್ಬರ ಒಲಕ್ಕೂ ಒಂದೇ ಬದ. ಬದದ ಮ್ಯಾಲೆ ನಿಂತು ಅವನು ಕೆಮ್ಮಿದ್ದೇ ತಡ, ಎರಡೆತ್ತೂ ನೇಗಿಲು ನಿಲ್ಸಿ ಕತ್ತು ತಿರುಗ್ಸಿದ್ವು. ಅವನ ಕಣ್ಣಲ್ಲಿ ನೀರು ಬಂತು. ಕಳೆ ಕೀಳ್ತಿದ್ದ ಎಂಗಸ್ರೆಲ್ಲಾ ನೋಡಿದ್ರು.

"ನಮ್ಮಾವ ಅಳ್ತಾ ಇಲ್ಲ ಕಣ್ರವ್ವಾ," ಅಂತ ಗಟ್ಟಿಯಾಗಿ ಕೂಗ್ದೆ.

ದಿನಾ ಕೂಗ್ದೆ. ಒಂದು ಬೇಸಾಯ ಮುಗಿಯೋ ಗಂಟ ಕೂಗ್ದೆ. ಯಾರೂ ನನ್ನ ಬೈಬೇಡಿ. ಕಾಮಗೆರೆ ಎಣ್ಣು ತುಟಿ ಕಚ್ಚಿದ್ದ ನೀವು ಕಂಡಿಲ್ಲ.

ಆಮೇಲೆ ಹನೂರಿಂದ ಒಂದು ಸಂಬಂದ ಬಂತು. ಆ ಎಣ್ಣಿನಪ್ಪನೂ ಪದ್ದತಿ ಬುಡ್ನಿಲ್ಲ, ಸೀದಾ ಓಗಿ ಮಾವನ ಜಗಲಿ ಮ್ಯಾಲೆ ಕುಂತ. ಈಚೆ ನಮ್ಮವ್ವ ಮೊರ ನಿಲ್ಸಿದ್ಲು. ಈ ಸಲ ನಾನೂ ಗೋಡೆಗೆ ಕಿವಿ ಒತ್ಕಂಡು ನಿಂತಿದ್ದೆ. ಇದೂ ತಪ್ಪೋದ್ರೆ ಆ ಗೋಡೇನೇ ಕೆಡವಾಕ್ಬುಡೋನು ನಾನು.

"ಉಡುಗ ಎಂಗೆ?"

ಆಗ ಕೊಟ್ಟಿಗೇಲಿ ನನ್ನ ಎತ್ತು ಗಂಟೆ ಆಡ್ಸಿದ್ವು.

"ಎತ್ತ ಚೆನ್ನಾಗಿ ಮಡಗವ್ನೆ," ಅಂದ ಮಾವ. "ನನಗಿಂತ ಚೆನ್ನಾಗಿ ಉರುಳಿ ಇಕ್ತಾನೆ."

ಅಷ್ಟೇ. ಎಣ್ಣಿನಪ್ಪ ಮಜ್ಜಿಗೆ ಕುಡ್ದು ಎದ್ದ.

ಅಂಗಂತ ನಾನು ಕರಗೋದೆ, ಎತ್ತ ವಾಪಸ್ ಕೊಟ್ಟೆ ಅಂದ್ಕಬೇಡಿ. ಮದುವೆ ಗಾಡಿಗೆ ಆ ಎತ್ತುಗಳ್ನೇ ಕಟ್ಟಿ, ಕೊಂಬಿಗೆ ಬಣ್ಣ ಬಳ್ದು, ಮಾವನ ಜಗಲಿ ಮುಂದೆ ಒಂದಲ್ಲ ಮೂರು ಸುತ್ತು ಒಡಸ್ದೆ. ಅವನು ಜಗಲಿ ಮ್ಯಾಲೆ ಕುಂತು ಎತ್ತನ್ನೇ ನೋಡ್ತಿದ್ದ.

ಮೂರನೇ ಸುತ್ತಿಗೆ ಮದುವಣಗಿತ್ತಿ ಸೆರಗಿನೊಳಗಿಂದ್ಲೇ ಪಿಸುಗುಟ್ಟಿದ್ಲು. "ದಾರಿ ತಪ್ತಾ?"

"ತಪ್ಪಿಲ್ಲ," ಅಂದೆ.