ಓಕ್ ಮರಗಳ ನಡುವೆ ಒಂದು ತೋಳು

ಅಕ್ಟೋಬರ್‌ನ ಒಂದು ಶನಿವಾರ ಬೆಳಿಗ್ಗೆ ಅಮೆರಿಕದ ನಮ್ಮ ಊರು ನಾರ್ತ್‌ವಿಲ್‌ನಿಂದ ಹೊರಟೆವು. ಯುರೋಪಿನ ಕಾಡುಪ್ರಾಣಿಗಳನ್ನು ಓಕ್ ಮರಗಳ ನಡುವೆ ಸಾಕಿರುವ ಒಂದು ಪಾರ್ಕಿಗೆ ನೂರು ಮೈಲಿ ದಾರಿ. ಹೊರಗೆ ನಲವತ್ತೈದು ಡಿಗ್ರಿ ಫ್ಯಾರನ್‌ಹೀಟ್, ಮೈ ಕೊರೆಯುವ ಚಳಿ. ಹುಬ್ಬಳ್ಳಿಯಿಂದ ಬಂದಿದ್ದ ನನ್ನ ಅವ್ವ ಸ್ವೆಟರ್ ಮೇಲೆ ಸ್ವೆಟರ್ ಹಾಕಿಕೊಂಡು ಪಕ್ಕದಲ್ಲಿ ಕೂತಿದ್ದಳು. ಹಿಂದಿನ ಸೀಟಿನಲ್ಲಿ ಹನ್ನೊಂದು ವರ್ಷದ ಮಗಳು ನಿಧಿ, ಬಾಯಿಗೆ ಬೀಗ ಹಾಕಿಕೊಂಡು.

ಆ ಬೀಗ ಬಿದ್ದದ್ದು ಹೋದ ವರ್ಷ, ಹುಬ್ಬಳ್ಳಿಯಲ್ಲಿ. ನನ್ನ ಅಣ್ಣನ ಮಗನನ್ನು ಅವಳು ‘ಅಣ್ಣ’ ಎನ್ನಲು ಹೋಗಿ ‘ಅನ್ನ’ ಎಂದು ಕರೆದಳು. ಮನೆಮಂದಿಯೆಲ್ಲ ಬಿದ್ದು ಬಿದ್ದು ನಕ್ಕರು. ಊಟಕ್ಕೆ ಕೂತಾಗಲೆಲ್ಲ ಅದೇ ತಮಾಷೆ. ಅಂದಿನಿಂದ ಅವಳ ಕನ್ನಡ ಬಂದ್. ಅವ್ವನಿಗೆ ಇಂಗ್ಲಿಷ್ ಬಾರದು. ಮುಂದಿನ ವಾರ ಅವ್ವ ಊರಿಗೆ ಹೊರಡುವವಳು. ಅಜ್ಜಿ, ಮೊಮ್ಮಗಳು ನಾಲ್ಕು ಮಾತಾಡದೆಯೇ ಬೇರೆಯಾಗುತ್ತಾರಲ್ಲ ಎಂದು ನನಗೆ ಒಳಗೊಳಗೇ ಸಂಕಟ.

ಪಾರ್ಕಿನಲ್ಲಿ ಮೊದಲು ಸಿಕ್ಕಿದ್ದು ಕಾಡುಹಂದಿ.

“ಇದನ್ನ ನೋಡಾಕ ನೂರು ಮೈಲಿ ಬಂದ್ವೇನ?” ಎಂದಳು ಅವ್ವ. “ನಮ್ಮ ಹೊಲಕ್ಕ ಪುಗಸಟ್ಟೆ ಬರತಿದ್ವು.”

ಕಾಡುಕೋಣದಂಥ ಬೈಸನ್ ಮಲಗಿದಲ್ಲಿಂದ ಎದ್ದೇಳಲಿಲ್ಲ. ಜಿಂಕೆಗಳು ಬೇಲಿಯ ತನಕ ಬಂದು ನಮ್ಮನ್ನೇ ನೋಡಿಹೋದವು. ಬೆಂಚಿನ ಮೇಲೆ ಕೂತು ರೊಟ್ಟಿ, ಶೇಂಗಾ ಚಟ್ನಿ ತಿಂದು ಮುಂದೆ ನಡೆದೆವು. ಒದ್ದೆ ಎಲೆಗಳ ಮೇಲೆ ಅವ್ವನ ನಡಿಗೆ ನಿಧಾನ. ನಿಧಿ ಮುಂದೆ ಹೋಗಿದ್ದವಳು ಗಕ್ಕನೆ ನಿಂತಳು.

“ಅಜ್ಜಿ, ತೋಳು! ತೋಳು ಬಂತು!”

ತಿದ್ದಲು ನಾನು ಬಾಯಿ ತೆರೆದೆ. ಅವ್ವ ನನ್ನ ತೋಳನ್ನು ಸರಿಯಾಗಿ ಚಿವುಟಿದಳು.

“ಹೌದವ್ವಾ, ಎಷ್ಟ ದೊಡ್ಡ ತೋಳು ಐತಿ! ಇನ್ನೊಂದು ಎಲ್ಲೈತಿ, ಹುಡುಕು.”

ಬೇಲಿಯಾಚೆ ಬೂದುಬಣ್ಣದ ತೋಳ ನಮ್ಮ ಗೊಡವೆಯೇ ಇಲ್ಲದೆ ಹಾದುಹೋಯಿತು.

“ಅಲ್ಲಿ! ಮರದ ಹಿಂದೆ ಮಲಗಿದೆ,” ಎಂದಳು ನಿಧಿ. ಆಮೇಲೆ ಅದಕ್ಕೆ ಚಳಿಯಾಗುತ್ತಾ, ಊಟ ಏನು, ಊರಲ್ಲೂ ಇದೆಯಾ ಎಂದು ಅಜ್ಜಿಯನ್ನು ಕೇಳಿದ್ದೇ ಕೇಳಿದ್ದು. ನನಗೆ ಅಳು ಬಂತು. ಚಳಿಗೆ ಮೂಗು ಸೋರುತ್ತಿದೆ ಎಂದು ಒರೆಸಿಕೊಂಡೆ.

ಮಧ್ಯಾಹ್ನ ವಾಪಸು ಬರುವಾಗ ಕಾರಿನಲ್ಲಿ ಅಣ್ಣನ ಫೋನು, ಸ್ಪೀಕರಿನಲ್ಲಿ; ಹುಬ್ಬಳ್ಳಿಯಲ್ಲಿ ಆಗ ರಾತ್ರಿ.

“ಇವತ್ತ ತೋಳು ನೋಡಿದ್ವಿ,” ಎಂದಳು ಅವ್ವ.

ಅಣ್ಣ ಗಹಗಹಿಸಿ ನಕ್ಕ. “ತೋಳ ಅನ್ನಬೇ! ಅಮೆರಿಕಾಕ್ಕ ಹೋಗಿ ಕನ್ನಡ ಮರತಿಯೇನ?”

ಕನ್ನಡಿಯಲ್ಲಿ ನಿಧಿಯ ಮುಖ ಇಳಿಯಿತು.

“ಸುಮ್ಮನಿರೋ,” ಎಂದಳು ಅವ್ವ. “ನಾವಿಬ್ಬರೂ ಅದಕ್ಕ ತೋಳು ಅಂತೀವಿ.”

ಹೆದ್ದಾರಿಯಿಂದ ಇಳಿಯುವ ಎಕ್ಸಿಟ್ ಬಂತು. ಸಿಗ್ನಲ್ ಹಾಕಿ ಬಲಕ್ಕೆ ಸರಿದೆ. ಹಿಂದಿನ ಸೀಟಿನಿಂದ ಗಟ್ಟಿಯಾದ ದನಿ ಕೇಳಿತು:

“ಎರಡು ತೋಳು ಇತ್ತು, ಮಾಮಾ.”