ಪೂಜೆಗೆ ಆಫ್ ಮಾಡಿದ ಮಷೀನು

ಗಂಟಲಿನ ಆಪರೇಷನ್ ಆದ ಮೇಲೆ ಅಪ್ಪನಿಗೆ ಧ್ವನಿ ಇರುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಅದಕ್ಕೇ ನಾನು ಭದ್ರಾವತಿಯ ನ್ಯೂ ಟೌನಿನ ಮನೆಯಲ್ಲಿ ಕೂತು ಅವರ ಮಾತನ್ನೆಲ್ಲ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಉಕ್ಕಿನ ಕುಲುಮೆಯ ಮುಂದೆ ಆಯುಸ್ಸು ಕಳೆದವರು ಅವರು. ಆಯುಧಪೂಜೆಗೂ ಕುಲುಮೆ ಆರಿಸುತ್ತಿರಲಿಲ್ಲವಂತೆ, ಉರಿಯುವಾಗಲೇ ದೂರ ನಿಂತು ಕುಂಕುಮ ಎರಚುತ್ತಿದ್ದರಂತೆ. ನಡುವೆ ನನ್ನನ್ನು ಬೈದರು, ಅಮ್ಮನನ್ನು ಕೂಗಿ ಕಾಫಿ ಕೇಳಿದರು. ನನಗೆ ಬೇಕಿದ್ದದ್ದು ಅದೇ.

ಶಿವಮೊಗ್ಗದ ಒಂದು ಸಣ್ಣ ಆಫೀಸಿನಲ್ಲಿ ಸರ್ವರ್ ನೋಡಿಕೊಳ್ಳುವುದು ನನ್ನ ಕೆಲಸ. ಒಂದೇ ದೊಡ್ಡ ಕಂಪ್ಯೂಟರನ್ನು ಹಲವು ಕಂಪ್ಯೂಟರುಗಳಂತೆ ಓಡಿಸುತ್ತೇವೆ. ಅವೇ ವರ್ಚುವಲ್ ಮಷೀನುಗಳು. ಜಾಗ ಸಾಲದಿದ್ದರೆ ವಾಲ್ಯೂಮ್ ಎಂಬ ಡಿಸ್ಕನ್ನು, ಟ್ರ್ಯಾಕ್ಟರಿಗೆ ಟ್ರೈಲರ್ ಸಿಕ್ಕಿಸಿದಂತೆ, ಜೋಡಿಸುತ್ತೇವೆ. ಮಾಲೀಕರನ್ನು ಕೇಳಿ ಅಪ್ಪನ ಧ್ವನಿಯನ್ನೂ ಅಂಥದ್ದೊಂದು ವಾಲ್ಯೂಮಿನಲ್ಲಿ ಇಟ್ಟೆ. ಆಪರೇಷನ್ ಆಯಿತು, ಅಪ್ಪನ ದನಿ ಹೋಯಿತು. ಆಮೇಲೆ ಫೋನ್ ಕೆಟ್ಟು ಅದರಲ್ಲಿದ್ದ ಪ್ರತಿಯೂ ಹೋಯಿತು. ಇನ್ನೊಂದು ಪ್ರತಿ ಇರಲೆಂದು ಆಯುಧಪೂಜೆಯ ಹಿಂದಿನ ದಿನ ಅದೇ ಮಷೀನಿಗೆ ಹೊಸ ಖಾಲಿ ವಾಲ್ಯೂಮ್ ಜೋಡಿಸಿದೆವು. ಹಳೆಯದನ್ನು ಮಷೀನು ‘ಬಿ’ ಎಂದು ತೋರಿಸಿತು, ಹೊಸದನ್ನು ‘ಸಿ’ ಎಂದು. ಹೊಸದನ್ನು ಫಾರ್ಮ್ಯಾಟ್ ಮಾಡುವುದು, ಅಂದರೆ ಪೂರ್ತಿ ಒರೆಸಿ ಬಳಕೆಗೆ ಅಣಿಮಾಡುವುದಷ್ಟೇ ಬಾಕಿ ಇತ್ತು.

ಅಷ್ಟರಲ್ಲಿ ಮಾಲೀಕರು ಬಾಳೆಕಂದು, ಬೂದುಗುಂಬಳ ಹೊರಿಸಿಕೊಂಡು ಬಂದರು. “ನಾಳೆ ಪೂಜೆಗೆ ಎಲ್ಲಾ ಆಫ್ ಆಗ್ಬೇಕು,” ಎಂದರು.

“ಸರ್, ಒಳಗಿರೋ ಮಷೀನ್ ಕಣ್ಣಿಗೇ ಕಾಣಲ್ಲ. ಅವೂ ಆಫ್ ಮಾಡ್ಬೇಕಾ?”

“ದೇವ್ರೂ ಕಣ್ಣಿಗೆ ಕಾಣಲ್ಲ ಮಾರಾಯ್ತಿ. ಆಫ್ ಮಾಡು.”

ಮಾಡಿದೆವು. ನಾನು ಹಬ್ಬಕ್ಕೆ ಮನೆಗೆ ಹೋದೆ. ಪೂಜೆ ಮುಗಿದ ಮರುದಿನ ನನ್ನ ಸಹೋದ್ಯೋಗಿ ಎಲ್ಲವನ್ನೂ ಆನ್ ಮಾಡಿದ. ಮಷೀನು ಏಳುವಾಗ ಯಾವ ಡಿಸ್ಕು ಮೊದಲು ಕಂಡಿತೋ ಅದಕ್ಕೆ ‘ಬಿ’ ಎಂದು ಹೆಸರಿಡುತ್ತದೆ. ಈ ಸಲ ಹೊಸದು ಮೊದಲು ಕಂಡಿತು, ಅಪ್ಪನ ದನಿಯಿದ್ದ ಹಳೆಯದು ‘ಸಿ’ ಆಯಿತು. ಅವನು ನಿನ್ನೆಮೊನ್ನೆಯ ನೆನಪಿನಲ್ಲಿ ‘ಸಿ’ಯನ್ನು ಫಾರ್ಮ್ಯಾಟ್ ಮಾಡಿದ. ಇದರಲ್ಲಿ ಏನೋ ಇದೆ, ಮುಂದುವರಿಸಲೇ ಎಂದು ಅದು ಕೇಳಿತಂತೆ. ಯಾವಾಗಲೂ ಕೇಳುತ್ತದೆ, ನಾವು ಯಾವಾಗಲೂ ಹೌದು ಎನ್ನುತ್ತೇವೆ.

ಅಳಿಸಿದ್ದನ್ನು ಮರಳಿ ತರುವ ಸಾಫ್ಟ್‌ವೇರುಗಳನ್ನೆಲ್ಲ ಓಡಿಸಿದೆವು. ಒಂದು ಕೆಮ್ಮು ಕೂಡ ಸಿಗಲಿಲ್ಲ. “ಅಕ್ಕ, ಬೈದುಬಿಡಿ ನನ್ನ,” ಎಂದ ಅವನು. ಬೈಯಲು ನನಗೆ ತ್ರಾಣವಿರಲಿಲ್ಲ. ಸರ್ವರಿನ ಬಾಗಿಲ ಮೇಲೆ ಹಚ್ಚಿದ್ದ ಕುಂಕುಮ ನೋಡಿದರೆ ಮೈ ಉರಿಯುತ್ತಿತ್ತು. ಆಫೀಸಿನಲ್ಲಿ ಎಲ್ಲರೂ ಸಮಾಧಾನ ಹೇಳಿದರು, ಅಪ್ಪ ಚೆನ್ನಾಗಿದ್ದಾರಲ್ಲ, ಅದು ದೊಡ್ಡದು ಎಂದರು. ದೊಡ್ಡದೇ. ಆದರೂ ನನ್ನ ಪಾಲಿಗೆ ಅರ್ಧ ಅಪ್ಪ ಹೋಗಿಯೇಬಿಟ್ಟಿದ್ದರು, ಅದನ್ನು ಯಾರ ಮುಂದೆಯೂ ಹೇಳುವಂತಿರಲಿಲ್ಲ.

ನಾನು ಮನೆಗೆ ಹೋದ ಪ್ರತಿ ಭಾನುವಾರ ಅಪ್ಪ ತಮ್ಮ ದನಿ ಕೇಳಿಸು ಎಂದು ಕಿವಿ ತೋರಿಸುತ್ತಿದ್ದರು. ಸರ್ವರ್ ರಿಪೇರಿಯಲ್ಲಿದೆ ಎಂದು ಕೆಲವು ವಾರ ದೂಡಿದೆ. ಕೊನೆಗೊಂದು ಭಾನುವಾರ ತಡೆಯಲಾರದೆ, “ಎಲ್ಲಾ ಅಳಿಸಿಹೋಯ್ತು ಅಪ್ಪ,” ಎಂದುಬಿಟ್ಟೆ.

ಅವರು ನನ್ನ ತಲೆಯ ಮೇಲೆ ಕೈಯಿಟ್ಟು ಏನೋ ಹೇಳಿದರು. ತುಟಿಯಷ್ಟೇ ಆಡಿತು. ಏನೆಂದರೋ ತಿಳಿಯಲಿಲ್ಲ. ಇನ್ನೊಮ್ಮೆ ಹೇಳಿ ಎನ್ನಲು ನನಗೆ ಬಾಯಿ ಬರಲಿಲ್ಲ.