ಗೋರಿಗೆ ನೀರು ಹಾಕುವ ಊರು

ಜರ್ಮನಿಗೆ ಬಂದ ಹೊಸತರಲ್ಲಿ ನಾನೂ ನಮ್ಮವರೂ ಸ್ಮಶಾನದಲ್ಲಿ ಕುಳಿತು ಚಿತ್ರಾನ್ನ ತಿಂದೆವು. ಅದು ಸ್ಮಶಾನವೆಂದು ನಮಗೆ ಗೊತ್ತಿರಲಿಲ್ಲ. ಸಾಲುಮರ, ಬೆಂಚು, ಬಣ್ಣಬಣ್ಣದ ಹೂವಿನ ಮಡಿಗಳು, ನಲ್ಲಿಯ ಪಕ್ಕದ ಕೊಕ್ಕೆಗಳಲ್ಲಿ ತೂಗುವ ಹಸಿರು ನೀರಿನ ಕ್ಯಾನುಗಳು. ಲಾಲ್‌ಬಾಗಿನ ತಮ್ಮನಂತಿತ್ತು. ಕಲ್ಲುಗಳ ಮೇಲಿದ್ದ ಹೆಸರುಗಳು ಗಿಡ ಕೊಡಿಸಿದ ದಾನಿಗಳದ್ದು ಎಂದು ನಮ್ಮವರು ಬಲು ಗಂಭೀರವಾಗಿ ವಿವರಿಸಿದರು. ನೀರು ಹಾಕುತ್ತಿದ್ದ ಒಬ್ಬ ಮುದುಕಿ ನಮ್ಮನ್ನೂ ಡಬ್ಬಿಯನ್ನೂ ನೋಡಿ, ಕ್ಯಾನನ್ನು ಕೊಕ್ಕೆಗೆ ಸಿಕ್ಕಿಸಿ ಹೋದರು.

ಈಸ್ಟರ್ ಕಳೆದ ಮೇಲೆ ನಾವು ಚಾಮರಾಜಪೇಟೆಗೆ ವಾಪಸು ಬರುತ್ತಿರುವುದು ಈ ಕಾಗದ ಓದುವ ನಿಮಗೆಲ್ಲ, ಅಕ್ಕನಿಗೂ ನಮ್ಮ ಚರ್ಚಿನ ಸಭೆಯವರಿಗೂ, ತಿಳಿದಿದೆ. ನಮ್ಮ ಮಗು ಬರುವುದಿಲ್ಲ. ನಾವು ಚಿತ್ರಾನ್ನ ತಿಂದ ಆ ಜಾಗದಲ್ಲೇ ಅದು ಮಲಗಿದೆ. ಇಲ್ಲಿ ಗೋರಿಯೆಂದರೆ ಕಲ್ಲು ಹಾಕಿ ಬಿಟ್ಟುಬಿಡುವುದಲ್ಲ. ಮನೆಯವರು ಅದರ ಮೇಲೆ ಹೂವಿನ ಗಿಡ ನೆಟ್ಟು ವಾರವಾರ ನೀರು ಹಾಕಬೇಕು. ನಾವು ಹೋದ ಮೇಲೆ ಯಾರು ಹಾಕುತ್ತಾರೆ? ಯಾರನ್ನಾದರೂ ಕೇಳಬೇಕಿತ್ತು, ಅದೂ ಜರ್ಮನ್ ಭಾಷೆಯಲ್ಲಿ. ನಮ್ಮ ಜರ್ಮನ್ನಿನ ಕಥೆ ಕೇಳಿದರೆ ನಿಮಗೆ ನಗು ಬರುತ್ತದೆ. ನಗಿ, ಪರವಾಗಿಲ್ಲ.

ಹಿಂದೆ ಇವರ ಪಾದ್ರಿಗಳು ನಮ್ಮ ನಾಡಿಗೆ ಬಂದು, ಕನ್ನಡ ಕಲಿತು, ಸುವಾರ್ತೆ ಸಾರಿದರು. ಈಗ ಇಲ್ಲಿಯ ಚರ್ಚುಗಳೇ ಖಾಲಿ. ನೀವು ಬಂದು ನಮಗೆ ಹೇಳಿ ಎಂದು ನಮ್ಮನ್ನು ಕರೆಸಿಕೊಂಡರು. ಚಾಮರಾಜಪೇಟೆಯಲ್ಲಿ ಪಾದ್ರಿಯಾಗಿ ನಮ್ಮವರು ದೇವರ ವಾಕ್ಯದ ಪ್ರಸಂಗಕ್ಕೆ ನಿಂತರೆ ಹಿಂದಿನ ಬೆಂಚಿನ ಹುಡುಗರೂ ತೆಪ್ಪಗಾಗುತ್ತಿದ್ದರು. ಇಲ್ಲಿ ಅದೇ ಮನುಷ್ಯ ಇಂಗ್ಲಿಷಿನಲ್ಲಿ ಬರೆದು, ಯಾರಿಂದಲೋ ಜರ್ಮನ್ ಮಾಡಿಸಿ, ಅದನ್ನು ಕನ್ನಡ ಅಕ್ಷರದಲ್ಲಿ ಇಳಿಸಿಕೊಂಡು ಬೆವರುತ್ತಾ ಓದುತ್ತಿದ್ದರು. ಆರಾಧನೆ ಮುಗಿದ ಮೇಲೆ ಬಾಗಿಲಲ್ಲಿ ಎಲ್ಲರೂ ಕೈ ಕುಲುಕಿ ‘ಶ್ಯೋನ್’ ಎನ್ನುತ್ತಿದ್ದರು. ಚೆನ್ನಾಗಿತ್ತು ಎಂದರ್ಥ. ಯಾರೂ ಅತ್ತಿದ್ದಿಲ್ಲ, ಯಾರೂ ಮನೆಗೆ ಕರೆದಿದ್ದಿಲ್ಲ. ನಾನು ಹೋಗುತ್ತಿದ್ದ ಭಾಷಾ ತರಗತಿಯಲ್ಲಿ ಮೇಜು ಗಂಡು, ದೀಪ ಹೆಣ್ಣು ಎಂದು ಉರು ಹೊಡೆಸುತ್ತಿದ್ದರು. ಎಲ್ಲವೂ ತಲೆಕೆಳಗಾಗುತ್ತಿತ್ತು. ಮಗು ಮಾತ್ರ ಇವರಿಗೂ ನಮ್ಮ ಹಾಗೇ ‘ಅದು’. ಆಗ ನಾನು ಬಸುರಿ. ಆ ಒಂದು ಮಾತನ್ನು ತಪ್ಪಿಲ್ಲದೆ ಹೇಳುತ್ತಿದ್ದೆ.

ಕರುಣಾ ಹುಟ್ಟಿ ವಾರ ತುಂಬಲಿಲ್ಲ. ಎದೆಯೊಳಗೆ ಏನೋ ಸರಿಯಿಲ್ಲವೆಂದು ಡಾಕ್ಟರು ಬಿಡಿಸಿ ಬಿಡಿಸಿ ಹೇಳಿದರು. ನನಗೆ ಅವರ ಮಾತು ಅರ್ಥವಾಗಲಿಲ್ಲ, ಮುಖ ಅರ್ಥವಾಯಿತು. ಉಸಿರಿರುವಾಗಲೇ ನಮ್ಮವರು ದೀಕ್ಷಾಸ್ನಾನ ಕೊಟ್ಟರು. ಮಣ್ಣು ಹಾಕುವಾಗಲೂ ಅವರೇ ಪ್ರಾರ್ಥನೆ ಮಾಡಿದರು, ಅವತ್ತು ಕನ್ನಡದಲ್ಲಿ. ಒಂದಕ್ಷರ ತಿಳಿಯದ ಸಭೆಯವರು ತಲೆ ತಗ್ಗಿಸಿ ನಿಂತಿದ್ದರು, ಆಮೇಲೆ ಕೈ ಕುಲುಕಿ ಹೊರಟುಹೋದರು.

ನಾವು ಮನೆಗೆ ಬಂದೆವು. ಯಾರೂ ಬರಲಿಲ್ಲ. ನಮ್ಮ ಕಡೆ ಸಾವಿನ ಮನೆಯಲ್ಲಿ ಚಪ್ಪಲಿ ಬಿಡಲು ಜಾಗವಿರುವುದಿಲ್ಲ. ಸ್ತ್ರೀಯರ ಕೂಟದವರು ಬಂದು ಹಾಡುತ್ತಾರೆ, ಪಕ್ಕದ ಮನೆಯ ಶಾರದಮ್ಮನವರು ಫ್ಲಾಸ್ಕಿನಲ್ಲಿ ಕಾಫಿ ತರುತ್ತಾರೆ, ಅಳು ನಿಂತರೆ ಯಾರಾದರೊಬ್ಬರು ಮತ್ತೆ ಶುರು ಮಾಡುತ್ತಾರೆ. ಇಲ್ಲಿ ಬಾಗಿಲ ಅಂಚೆ ಡಬ್ಬಿಗೆ ಸಂತಾಪದ ಕಪ್ಪು ಅಂಚಿನ ಲಕೋಟೆಗಳು ಬಂದು ಬಿದ್ದವು. ಅಕ್ಕ ಬೂತಿನಿಂದ ಫೋನ್ ಮಾಡಿದಳು.

“ಮನೇಲಿ ಯಾರಿದಾರೆ ಸುಗುಣಾ? ಯಾರಾದ್ರೂ ಬಂದ್ರೇನೇ?”

“ಬಂದಿದಾರೆ ಅಕ್ಕಾ. ತುಂಬಾ ಜನ ಇದಾರೆ.”

“ಮತ್ತೆ ಸದ್ದೇ ಇಲ್ವಲ್ಲೇ?”

ನಾನು ಫೋನಿಟ್ಟೆ. ದುಃಖದಲ್ಲಿರುವವರನ್ನು ಅವರ ಪಾಡಿಗೆ ಬಿಡುವುದೇ ಇಲ್ಲಿ ಮರ್ಯಾದೆ ಎಂದು ಆಮೇಲೆ ತಿಳಿಯಿತು. ಮರ್ಯಾದೆ ಯಾರಿಗೆ ಬೇಕಿತ್ತು? ನನಗೆ ಜನ ಬೇಕಿತ್ತು. ಊರಿಗೆಲ್ಲ ಸಮಾಧಾನ ಹೇಳುವ ನಮ್ಮವರು ಅಡುಗೆಮನೆಯಲ್ಲಿ ನಿಂತು, “ನಂಗೇ ಒಂದು ಪ್ರಸಂಗ ಮಾಡ್ಕೊಳ್ಳೋಕೆ ಬರ್ತಿಲ್ಲ ಕಣೆ” ಎಂದರು.

ತರಗತಿ ಬಿಟ್ಟೆ, ಸ್ಮಶಾನಕ್ಕೆ ಹೋಗತೊಡಗಿದೆ. ಕರುಣಾಳ ಪಕ್ಕದಲ್ಲೇ, ಚಿತ್ರಾನ್ನದ ದಿನ ನೀರು ಹಾಕುತ್ತಿದ್ದ ಆ ಮುದುಕಿಯ ಗಂಡನ ಗೋರಿ. ಅವರ ಹೆಸರು ಫ್ರೌ ಲೇಮನ್. ಫ್ರೌ ಎಂದರೆ ಶ್ರೀಮತಿ. ನಲ್ಲಿಯ ಹತ್ತಿರ ಒಂದು ದಿನ ಅವರೇ ಕೇಳಿದರು, “ಅವತ್ತು ಇಲ್ಲಿ ಊಟ ಮಾಡಿದವರು ನೀವೇ ಅಲ್ಲವೇ?” ನಾಚಿಕೆಯಿಂದ ಸಾಯುವ ಹಾಗಾಯಿತು. ಅವರು ನಗಲಿಲ್ಲ. “ನನ್ನ ಗಂಡನಿಗೆ ಖುಷಿಯಾಗಿರಬೇಕು. ಊಟದ ವಾಸನೆ ಬಂದು ಎಷ್ಟು ದಿನವಾಗಿತ್ತೋ” ಎಂದರು. ನನಗೆ ಅರ್ಧ ಮಾತ್ರ ತಿಳಿಯಿತು, ಆದರೂ ಸಾಕಾಯಿತು. ಅಲ್ಲಿಂದ ನನ್ನ ಪಾಠ ಶುರು. ಗೀಸ್‌ಕಾನೆ, ನೀರಿನ ಕ್ಯಾನು. ಎರ್ಡೆ, ಮಣ್ಣು. ಬೇರು, ಮೊಗ್ಗು, ಹಿಮ, ಗೊಬ್ಬರ. ಅಂಗಡಿಯಲ್ಲಿ ಈಗಲೂ ತಡವರಿಸುತ್ತೇನೆ, ಗೋರಿಯ ಮುಂದೆ ಮಾತ್ರ ನನ್ನ ಜರ್ಮನ್ ಸರಾಗ. ಇಂಥ ಭಾಷೆಯನ್ನು ನನ್ನ ಶತ್ರುವೂ ಕಲಿಯುವುದು ಬೇಡ.

ವಾಪಸಿನ ಆದೇಶ ಬಂದಾಗ ನಮ್ಮವರು, “ನಾನೇ ಕೇಳ್ಲಾ ಅವ್ರನ್ನ?” ಎಂದರು.

“ಬೇಡಾ ರೀ. ನನ್ನ ಮಗು, ನಾನೇ ಕೇಳ್ತೀನಿ.”

ಕೇಳಿದೆ. ನಾವು ಹೋಗುತ್ತಿದ್ದೇವೆ, ಮಗು ಇಲ್ಲಿಯೇ ಇರುತ್ತದೆ, ನೀವು ನೀರು ಹಾಕುತ್ತೀರಾ? ಇಷ್ಟೇ. ಒಂದು ಕಡೆಯೂ ತೊದಲಲಿಲ್ಲ. ಫ್ರೌ ಲೇಮನ್ ಕ್ಯಾನು ಕೆಳಗಿಟ್ಟರು. ಇಲ್ಲಿಯವರು ಹತ್ತಿರವಾಗದೆ ಯಾರನ್ನೂ ‘ನೀನು’ ಎನ್ನುವುದಿಲ್ಲ. ಅದಕ್ಕೆ ವರ್ಷಗಟ್ಟಲೆ ಬೇಕು. ಆ ದಿನ ಅವರು ಅಂದರು, “ನೀನು ಹೋಗಿ ಬಾ. ನನ್ನ ಮಂಡಿ ಬಗ್ಗುವವರೆಗೆ ಹಾಕುತ್ತೇನೆ. ಆಮೇಲೆ ನಾನೂ ಇಲ್ಲಿಯೇ, ಪಕ್ಕದಲ್ಲೇ ಇರುತ್ತೇನಲ್ಲ.”

ಅವರ ಕೋಟಿಗೆ ಮುಖ ಒತ್ತಿ ಚಾಮರಾಜಪೇಟೆಯವರ ಹಾಗೆ ಗಟ್ಟಿಯಾಗಿ ಅತ್ತೆ. ಅವರು ಅಲ್ಲಾಡದೆ ನಿಂತಿದ್ದರು.

ಊರಿಗೆ ಬರುತ್ತೇನೆ. ಪಾದ್ರಿ ಅಮ್ಮನವರು ಬಂದರು ಎಂದು ನೀವೆಲ್ಲ ಮನೆ ತುಂಬುತ್ತೀರಿ, ನನಗೆ ಗೊತ್ತು. ಆದರೆ ಮಳೆ ಬಾರದ ದಿನ ನನ್ನ ಮನಸ್ಸು ಇಲ್ಲಿಯ ನಲ್ಲಿಯ ಹತ್ತಿರ ನಿಂತಿರುತ್ತದೆ. ಕರುಣಾಳ ಹೆಸರು ಹೇಳಿದರೆ ಮುಖ ನೆನಪಾಗುವವರು ಅಲ್ಲಿ ಒಬ್ಬರೂ ಇಲ್ಲ. ಮನೆಯೆಂದರೆ ಯಾವುದು ಎಂದು ನನ್ನನ್ನು ಕೇಳಬೇಡಿ.

ಅಕ್ಕಾ, ಒಂದು ಮಾತು. ನಮ್ಮ ಸ್ಮಶಾನದಲ್ಲಿ ತಾತನ ಗೋರಿಯ ಪಕ್ಕ ಒಂದು ಮೋಟು ಕಲ್ಲಿದೆಯಲ್ಲ, ಯಾವುದೋ ಪರದೇಶದ ಪಾದ್ರಿಯ ಕೂಸಿನದು. ಅದರ ಅಕ್ಷರ ನಮಗ್ಯಾರಿಗೂ ಓದಲು ಬರುತ್ತಿರಲಿಲ್ಲ. ಅದು ಜರ್ಮನ್ ಎಂದು ನನಗೆ ಈಗ ಹೊಳೆಯುತ್ತಿದೆ. ಗೋರಿ ತೊಳೆಯಲು ಹೋದಾಗಲೆಲ್ಲ ಪೊರಕೆ, ಸೇವಂತಿಗೆ ಬುಟ್ಟಿ ಇಡಲು ಅನುಕೂಲವಾಗಿದೆಯೆಂದು ಅದರ ಮೇಲೇ ಇಡುತ್ತಿದ್ದೆವು. ಅದರ ತಾಯಿ ಇಲ್ಲಿಗೆ ವಾಪಸು ಬಂದು ಯಾವ ಊರಿನಲ್ಲಿ ಕಣ್ಣು ಮುಚ್ಚಿದಳೋ. ನಾನು ಬಂದು ಆ ಹೆಸರು ಓದುತ್ತೇನೆ, ನೀರು ಹಾಕುತ್ತೇನೆ. ಈ ಸಲ ಅದರ ಮೇಲೆ ಬುಟ್ಟಿ ಇಡಬೇಡಿ.